ಬಾರ್ ನೆಲದ ಮೇಲಿರಲಿ: ಮನೆ ನಾಯಿ ಜೊತೆ ಅಜಿಲಿಟಿ ಶುರು ಮಾಡುವ ಬಗೆ

ಚುಕ್ಕಿ ಮೊದಲ ಸಲ ಟನಲ್ ಒಳಗೆ ಓಡಿದಾಗ ಆ ಕಡೆಯಿಂದ ಹೊರಗೆ ಬರಲಿಲ್ಲ. ನಾನು ಈ ಕಡೆ ಬಾಯಲ್ಲೇ ನಿಂತು "ಹೋಗು, ಹೋಗು" ಎಂದು ಕೂಗುತ್ತಿದ್ದೆ. ಅವಳು ಒಳಗೆ ಹೋದಳು, ಅರ್ಧ ದಾರಿಯಲ್ಲಿ ತಿರುಗಿದಳು, ಹೋದ ಬಾಯಿಂದಲೇ ವಾಪಸ್ ಬಂದು ನನ್ನ ಮುಂದೆ ಬಾಲ ಆಡಿಸುತ್ತಾ ನಿಂತಳು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ನಾನು ಕೂಗುವುದನ್ನು ಬಿಟ್ಟು, ಅವಳು ಒಳಗೆ ಹೋಗುತ್ತಿದ್ದ ಹಾಗೇ ಟನಲ್ ಪಕ್ಕದಲ್ಲಿ ಆ ತುದಿಯ ಕಡೆ ಓಡಿದೆ. ಒಳಗಿಂದ ಅವಳ ಉಗುರಿನ ಪರಪರ ಸದ್ದು ನನ್ನ ಜೊತೆಜೊತೆಗೇ ಬಂತು. ನಾನು ತಲುಪುವ ಮುಂಚೆಯೇ ಅವಳು ಹೊರಗಿದ್ದಳು.

ಮೊದಲ ಮೂರು ಸಲವೂ ಅವಳು ತಪ್ಪು ಮಾಡಿರಲಿಲ್ಲ. ನಾನು ಎಲ್ಲಿದ್ದೆನೋ ಅಲ್ಲಿಗೆ ಬಂದಳು, ಅಷ್ಟೇ. ನಾಯಿ ನಮ್ಮ ಮಾತಿಗಿಂತ ಮೊದಲು ನಮ್ಮ ಕಾಲು, ಭುಜ, ನಾವು ಹೋಗುತ್ತಿರುವ ದಿಕ್ಕು ನೋಡುತ್ತದೆ. ನಾಯಿ ಅಡೆತಡೆಗಳನ್ನು ದಾಟಿ ಓಡುವ ಆಟ ಈ ಅಜಿಲಿಟಿ. ಅದನ್ನು ಕಲಿಯುವುದು ಅಂದರೆ ಮುಕ್ಕಾಲು ಪಾಲು ನಾವು ಓಡುವುದನ್ನು, ನಿಲ್ಲುವುದನ್ನು, ತಿರುಗುವುದನ್ನು ಕಲಿಯುವುದು. ಅದಕ್ಕೇ ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಮೊದಲ ಮೂರು ತಿಂಗಳು ಬಾರ್, ಅಂದರೆ ನಾಯಿ ಹಾರಿ ದಾಟುವ ಅಡ್ಡಕೋಲು, ನೆಲದ ಮೇಲೇ ಇರಲಿ.

ಚುಕ್ಕಿ ಯಾವ ತಳಿಯವಳೂ ಅಲ್ಲ. ಕಂದು ಬಣ್ಣ, ಹಣೆ ಮೇಲೆ ಬಿಳಿ ಬೊಟ್ಟು, ಭುಜದ ಹತ್ತಿರ ಅಳೆದರೆ 46 ಸೆಂಟಿಮೀಟರ್ ಎತ್ತರ. ಶುರು ಮಾಡಿದಾಗ ಅವಳಿಗೆ ಎರಡು ವರ್ಷ. ಬಾರ್ಡರ್ ಕೋಲಿ, ಶೆಲ್ಟಿ ತರಹದ ನಾಯಿಗಳು ಈ ಆಟದಲ್ಲಿ ಜಾಸ್ತಿ ಕಾಣುತ್ತವೆ, ನಿಜ. ಆದರೆ ಆಟ ಅವುಗಳದ್ದು ಮಾತ್ರ ಅಲ್ಲ. ಓಡಲು ಇಷ್ಟಪಡುವ, ಮೈಯಲ್ಲಿ ನೋವಿಲ್ಲದ, ನಿಮ್ಮ ಜೊತೆ ಇರಲು ಖುಷಿಪಡುವ ಯಾವ ನಾಯಿ ಬೇಕಾದರೂ ಕಲಿಯಬಹುದು.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಮೈದಾನದಲ್ಲಿ ಜಂಪ್, ಟನಲ್, ಸೀಸಾ (ಏತದಂಥ ಹಲಗೆ), ವೀವ್ ಪೋಲ್ (ನಾಯಿ ನಡುವೆ ಬಳುಕುತ್ತಾ ಹೋಗುವ ಕೋಲುಗಳ ಸಾಲು) ಇಂಥವನ್ನೆಲ್ಲ ಇಟ್ಟು ನಂಬರ್ ಹಾಕಿರುತ್ತಾರೆ. ನಾಯಿ ಅದೇ ಕ್ರಮದಲ್ಲಿ, ಕಡಿಮೆ ಸಮಯದಲ್ಲಿ, ತಪ್ಪಿಲ್ಲದೆ ಮುಗಿಸಬೇಕು. ನಾವು ಜೊತೆಗೆ ಓಡುತ್ತಾ ದಾರಿ ತೋರಿಸಬಹುದು, ಮುಟ್ಟುವ ಹಾಗಿಲ್ಲ. ಇದು ಶುರುವಾದದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ. ಎರಡು ಕಾರ್ಯಕ್ರಮಗಳ ನಡುವಿನ ಬಿಡುವಲ್ಲಿ ಜನರನ್ನು ರಂಜಿಸಲು ಕುದುರೆ ಜಂಪಿಂಗ್ ಮಾದರಿಯಲ್ಲಿ ನಾಯಿಗಳನ್ನು ಓಡಿಸಿದರು. ಕುದುರೆ ಮೇಲೆ ಸವಾರ ಕೂತಿರುತ್ತಾನೆ, ಕೈಯಲ್ಲಿ ಲಗಾಮು ಇರುತ್ತದೆ. ನಾಯಿಗೆ ಅದಿಲ್ಲ. ದೂರದಿಂದಲೇ ಹೇಳಬೇಕು, ಮೈಯಿಂದಲೇ ಹೇಳಬೇಕು. ಕಷ್ಟ ಇರುವುದೂ ಅಲ್ಲೇ, ಸೊಗಸು ಇರುವುದೂ ಅಲ್ಲೇ.

ಮೊದಲು ವೆಟ್ ಹತ್ತಿರ ಹೋಗಿ

ಇದನ್ನು ದಯವಿಟ್ಟು ತಪ್ಪಿಸಬೇಡಿ. ಸೊಂಟ, ಮೊಣಕಾಲು, ಬೆನ್ನು, ಹೃದಯ ಇಷ್ಟನ್ನು ನೋಡಿಸಿ. "ಹಾರುವ, ತಿರುಗುವ ಆಟ ಆಡಿಸಬೇಕು ಅಂತಿದ್ದೇನೆ" ಎಂದು ಬಿಡಿಸಿ ಹೇಳಿ.

ಮರಿಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ನಾಯಿಮರಿಯ ಉದ್ದ ಮೂಳೆಗಳ ತುದಿಯಲ್ಲಿ ಬೆಳೆಯುವ ಭಾಗ ಮೆತ್ತಗಿರುತ್ತದೆ. ಅದು ಗಟ್ಟಿಯಾಗಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ದೊಡ್ಡ ಜಾತಿಯ ನಾಯಿಗಳಿಗೆ ಇನ್ನೂ ತಡವಾಗಬಹುದು. ಅಷ್ಟರೊಳಗೆ ಎತ್ತರ ಹಾರಿಸಿದರೆ, ವೀವ್ ಪೋಲ್‌ಗಳ ನಡುವೆ ಪದೇ ಪದೇ ಬಳುಕಿಸಿದರೆ ಆ ಭಾಗಕ್ಕೆ ಪೆಟ್ಟಾಗಿ ಕಾಲು ಸೊಟ್ಟಗೆ ಬೆಳೆಯಬಹುದು. ನಾಯಿ ಕ್ಲಬ್ಬುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಸಿಐ ನಿಯಮದಲ್ಲೂ 18 ತಿಂಗಳು ತುಂಬದ ನಾಯಿ ಅಜಿಲಿಟಿ ಸ್ಪರ್ಧೆಗೆ ಬರುವ ಹಾಗಿಲ್ಲ. ಹಾಗಂತ ಮರಿಯನ್ನು ಸುಮ್ನೆ ಕೂರಿಸಬೇಕಿಲ್ಲ. ಮುಂದೆ ಹೇಳುವ ನೆಲದ ಪಾಠಗಳೆಲ್ಲ ಮರಿಗೂ ಆಗುತ್ತವೆ, ನೇರವಾದ ಗಿಡ್ಡ ಟನಲ್ಲೂ ಆಗುತ್ತದೆ.

ತೂಕದ ಬಗ್ಗೆ ಮುಚ್ಚುಮರೆ ಬೇಡ. ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಮೇಲಿಂದ ನೋಡಿದರೆ ಪಕ್ಕೆ ಮುಗಿದ ಮೇಲೆ ಸೊಂಟ ಒಳಗೆ ಹೋಗಿರಬೇಕು. ಚುಕ್ಕಿ ಆಗ ಎರಡು ಕೆಜಿ ಜಾಸ್ತಿ ಇದ್ದಳು. ಅದನ್ನು ಇಳಿಸಲು ಎರಡು ತಿಂಗಳು ತೆಗೆದುಕೊಂಡೆವು, ಆಮೇಲೇ ಬಾರ್ ಎತ್ತಿದ್ದು. ಹಾರಿ ಇಳಿಯುವಾಗ ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಉಗುರು ಕೂಡ ನೋಡಿಕೊಳ್ಳಿ. ಉದ್ದ ಉಗುರಿನ ನಾಯಿ ಪಾದ ಸರಿಯಾಗಿ ಊರಲಾರದು, ತಿರುವಿನಲ್ಲಿ ಜಾರುತ್ತದೆ.

ನೆಲದ ಪಾಠ

ಏನೂ ಕೊಳ್ಳದೆ, ಏನೂ ಕಟ್ಟದೆ ಶುರು ಮಾಡುವುದು ಇಲ್ಲಿಂದ. ನಾನು ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಎಲ್ಲರೂ ಆತುರಪಟ್ಟು ದಾಟಿಬಿಡುವುದು ಇದನ್ನೇ.

ಮೊದಲು ನಾಯಿಗೆ ಒಂದು ಗುರುತಿನ ಸದ್ದು ಬೇಕು. "ಸರಿ ಮಾಡಿದೆ, ಈಗ ಟ್ರೀಟ್ ಬರುತ್ತದೆ" ಎಂದು ಹೇಳುವ ಸದ್ದು. ಕ್ಲಿಕ್ಕರ್ (ಒತ್ತಿದರೆ ಟಿಕ್ ಅನ್ನುವ ಪುಟ್ಟ ಡಬ್ಬಿ) ಆಗಬಹುದು, ಒಂದು ಚಿಕ್ಕ ಮಾತಾದರೂ ಆಗಬಹುದು. ನಾನು "ಹ್ಞಾಂ!" ಅನ್ನುತ್ತೇನೆ. ಓಡುವಾಗ ಕೈ ಖಾಲಿ ಇರುವುದು ಒಳ್ಳೆಯದು. ಎರಡು ದಿನ ಸುಮ್ನೆ ಸದ್ದು ಮಾಡಿ ತಿನ್ನಿಸಿ. ಸದ್ದು ಕೇಳಿದ ತಕ್ಷಣ ತಲೆ ನಿಮ್ಮ ಕಡೆ ತಿರುಗಿದರೆ ನಾಯಿಗೆ ಅರ್ಥವಾಗಿದೆ ಎಂದು ತಿಳಿಯಿರಿ. ಟ್ರೀಟ್ ಚೂರು ಕಡಲೆಬೇಳೆಗಿಂತ ದೊಡ್ಡದಿರಬಾರದು, ಒಂದೇ ಸಲಕ್ಕೆ ನುಂಗುವ ಹಾಗೆ ಮೆತ್ತಗಿರಬೇಕು. ಪಾಠದಲ್ಲಿ ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಆಟಿಕೆಗೆ ಆಸೆಪಡುವ ನಾಯಿಯಾದರೆ ಹಗ್ಗ ಎಳೆದಾಡಿಸಿ. ವೇಗ ಬರಿಸಲು ಟ್ರೀಟ್‌ಗಿಂತ ಅದೇ ಚೆನ್ನ.

ಆಮೇಲೆ ಕರೆದರೆ ಬರುವುದು, ಹೇಳುವವರೆಗೆ ಕೂತಿರುವುದು. ಇವೆರಡು ಗಟ್ಟಿಯಾಗದೆ ಬೆಲ್ಟ್ ಬಿಚ್ಚಬೇಡಿ. ಚುಕ್ಕಿಗೆ ಕರೆಯುವುದನ್ನು ಕಲಿಸಿದ್ದು ಓಟದ ಆಟದಿಂದ. ನನ್ನ ಮಗಳು ಅವಳ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದಳು. ನಾನು ಚುಕ್ಕಿ ಮುಂದೆ ಆಟಿಕೆ ಆಡಿಸಿ, ತಿರುಗಿ ಓಡಿ, ಹೆಸರು ಕೂಗುತ್ತಿದ್ದೆ. ಮಗಳು ಕೈ ಬಿಟ್ಟ ತಕ್ಷಣ ಬಾಣದ ಹಾಗೆ ಬರುತ್ತಿದ್ದಳು. ನಿಂತುಕೊಂಡು ಕರೆದರೆ ಆ ವೇಗ ಬರುವುದಿಲ್ಲ. ಬೆನ್ನು ತೋರಿಸಿ ಓಡಬೇಕು.

ಈಗ ಮುಖ್ಯವಾದದ್ದು. ನಾಯಿಯನ್ನು ಎಡಗಡೆ ಇಟ್ಟುಕೊಂಡು ದೊಡ್ಡ ವೃತ್ತದಲ್ಲಿ ನಡೆಯಿರಿ. ಪ್ಯಾಂಟಿನ ಪಕ್ಕದ ಹೊಲಿಗೆಯ ಹತ್ತಿರ ಟ್ರೀಟ್ ಕೊಡಿ. ಮುಂದೆ ಕೈ ಚಾಚಿ ಕೊಟ್ಟರೆ ನಾಯಿ ಮುಂದೆ ಬಂದು ಅಡ್ಡ ನಿಲ್ಲುವುದನ್ನು ಕಲಿಯುತ್ತದೆ. ಆಮೇಲೆ ದಿಕ್ಕು ಬದಲಿಸಿ. ಆಮೇಲೆ ನಾಯಿ ಬಲಗಡೆ. ನಾಯಿ ಸಾಕಿದವರು ಬಹಳ ಜನ ಎಡಗಡೆ ಮಾತ್ರ ನಡೆಸಿರುತ್ತಾರೆ. ಚುಕ್ಕಿಯೂ ಹಾಗೇ. ಬಲಗಡೆ ಬಾ ಎಂದರೆ ಹಿಂದಿನಿಂದ ಸುತ್ತಿ ಎಡಕ್ಕೇ ಬರುತ್ತಿದ್ದಳು. ಎರಡೂ ಕಡೆ ಒಂದೇ ಥರ ಆಗಲು ಮೂರು ವಾರ ಬೇಕಾಯಿತು. ಅಜಿಲಿಟಿಯಲ್ಲಿ ಒಂದೇ ಓಟದಲ್ಲಿ ನಾಯಿ ಹತ್ತು ಸಲ ಕಡೆ ಬದಲಿಸಬೇಕಾಗಬಹುದು. ಒಂದೇ ಕಡೆ ಗೊತ್ತಿದ್ದರೆ ಎರಡನೇ ಜಂಪ್‌ಗೇ ಸಿಕ್ಕಿಬೀಳುತ್ತೀರಿ.

ನಡಿಗೆ ಸರಿಹೋದ ಮೇಲೆ ಓಟ. ಓಡುತ್ತಾ ಓಡುತ್ತಾ ನಿಧಾನ ಮಾಡಿ, ನಿಲ್ಲಿ. ನೀವು ನಿಧಾನ ಮಾಡಿದಾಗ ನಾಯಿಯೂ ನಿಧಾನ ಮಾಡಿತಾ? "ಹ್ಞಾಂ!" ಎಂದು ತಿನ್ನಿಸಿ. ಇದು ನಾಯಿಗೆ ನಾವು ಹೇಳುವ ಅತಿ ಮುಖ್ಯ ಮಾತು: ನಾನು ಓಡುತ್ತಿದ್ದರೆ ಮುಂದೆ ದಾರಿ ನೆಟ್ಟಗಿದೆ, ನಾನು ನಿಧಾನಿಸಿದರೆ ತಿರುವು ಬರುತ್ತಿದೆ. ಮುಂದೆ ಬಾರ್ ಎತ್ತಿದಾಗ ನಾಯಿ ಮೈ ಮುದುಡಿ ಗಿಡ್ಡವಾಗಿ ಹಾರಬೇಕಾ, ಮೈ ಚಾಚಿ ಉದ್ದ ಹಾರಬೇಕಾ ಎಂದು ಅದು ನಿರ್ಧರಿಸುವುದು ಇದರಿಂದಲೇ.

ಮಗಳು ನಾಯಿಯಾದಳು

ಕಡೆ ಬದಲಿಸುವುದಕ್ಕೆ ಮೂರು ದಾರಿ ಇವೆ. ನಾಯಿಗಿಂತ ಮುಂದೆ ಹೋಗಿ ಅದರ ಕಡೆ ಮುಖ ಮಾಡಿ ತಿರುಗುವುದು ಫ್ರಂಟ್ ಕ್ರಾಸ್. ಮುಂದೆ ಹೋಗಿ ನಾಯಿಗೆ ಬೆನ್ನು ಹಾಕಿ ಕಡೆ ಬದಲಿಸುವುದು ಬ್ಲೈಂಡ್ ಕ್ರಾಸ್. ನಾಯಿಯ ಹಿಂದಿನಿಂದ ದಾಟುವುದು ರಿಯರ್ ಕ್ರಾಸ್. ಶುರುವಿನಲ್ಲಿ ಫ್ರಂಟ್ ಕ್ರಾಸ್ ಒಂದೇ ಸಾಕು. ಅದರಲ್ಲಿ ನಾಯಿ ಕಣ್ಣಿಂದ ತಪ್ಪುವುದಿಲ್ಲ.

ನಾಯಿ ನಿಮ್ಮ ಎಡಗಡೆ ಓಡುತ್ತಿದೆ ಎಂದುಕೊಳ್ಳಿ. ನೀವು ಎರಡು ಹೆಜ್ಜೆ ಮುಂದಿದ್ದೀರಿ. ಈಗ ಎಡಕ್ಕೆ, ಅಂದರೆ ನಾಯಿಯ ಕಡೆಗೇ ತಿರುಗಿ. ಎಡಗೈ ಕೆಳಗಿಳಿಯುತ್ತದೆ, ಬಲಗೈ ಮುಂದೆ ಬರುತ್ತದೆ. ಒಂದು ಕ್ಷಣ ನೀವು ಮತ್ತು ನಾಯಿ ಎದುರುಬದುರು. ತಿರುಗುವುದನ್ನು ನಿಲ್ಲಿಸದೆ ಮುಂದುವರಿಸಿ ಹೊಸ ದಿಕ್ಕಿಗೆ ಹೆಜ್ಜೆ ಇಡಿ. ನಾಯಿ ಈಗ ಬಲಗಡೆ ಇದೆ. ಓದಲು ಇಷ್ಟೇ. ಮಾಡಲು ಹೋದಾಗ ಕಾಲಿಗೆ ಕಾಲು ಸಿಕ್ಕುತ್ತದೆ.

ಅದಕ್ಕೇ ಮೊದಲು ನಾಯಿ ಇಲ್ಲದೆ ಮಾಡಿ. ನೆಲದ ಮೇಲೆ ಎರಡು ಚಪ್ಪಲಿ ಇಟ್ಟು, ಅವುಗಳ ನಡುವೆ ಓಡಿ, ತಿರುಗಿ. ಮೂವತ್ತು ಸಲ ಮಾಡಿ. ಆಮೇಲೆ ಮನೆಯವರಲ್ಲಿ ಯಾರನ್ನಾದರೂ ನಾಯಿ ಮಾಡಿಕೊಳ್ಳಿ. ನನ್ನ ಹನ್ನೊಂದು ವರ್ಷದ ಮಗಳು ನಾಯಿಯಾದಳು. ಒಂದೇ ಷರತ್ತು ಹಾಕಿದ್ದೆ: ನಾನು ಬಾಯಲ್ಲಿ ಏನೇ ಹೇಳಲಿ, ನನ್ನ ಮೈ ಎತ್ತ ಹೇಳುತ್ತದೋ ಅತ್ತ ಓಡಬೇಕು. ಎರಡನೇ ಸುತ್ತಿಗೇ ಅವಳು ತಪ್ಪು ಜಂಪ್ ಕಡೆ ಓಡಿದಳು. "ಅಲ್ಲಿಗ್ಯಾಕೆ ಹೋದೆ? ಬಲಕ್ಕೆ ಅಂದೆನಲ್ಲ!" ಎಂದೆ. "ಬಲಕ್ಕೆ ಅಂದೆ, ಆದ್ರೆ ನಿನ್ನ ಹೊಟ್ಟೆ ಎಡಕ್ಕಿತ್ತು" ಎಂದಳು. ವಿಡಿಯೋ ನೋಡಿದರೆ ನಿಜ. ನನ್ನ ಕಾಲಿನ ತುದಿ, ಭುಜ, ಎದೆ ಎಲ್ಲ ಎಡಕ್ಕೇ ಇದ್ದವು. ಕೈ ಒಂದು ಮಾತ್ರ ಬಲಕ್ಕಿತ್ತು. ಅಲ್ಲಿಂದ ಇಲ್ಲಿವರೆಗೆ ಚುಕ್ಕಿ ತಪ್ಪು ದಾರಿ ಹಿಡಿದಾಗಲೆಲ್ಲ ನಾನು ಮೊದಲು ನೋಡುವುದು ನನ್ನ ಹೊಟ್ಟೆ ಎತ್ತ ಇತ್ತು ಎಂದು.

ಫೋನನ್ನು ಒಂದು ಕಡೆ ನಿಲ್ಲಿಸಿ ಪ್ರತಿ ಪಾಠವನ್ನೂ ವಿಡಿಯೋ ಮಾಡಿಕೊಳ್ಳಿ. ಇದಕ್ಕಿಂತ ಒಳ್ಳೆ ಗುರು ನನಗೆ ಸಿಕ್ಕಿಲ್ಲ.

ಮೊದಲ ಜಂಪ್, ಮೊದಲ ಟನಲ್

ಜಂಪ್ ಮನೆಯಲ್ಲೇ ಮಾಡಬಹುದು. ಹಗುರವಾದ ಪಿವಿಸಿ ಪೈಪ್, ಎರಡು ಕಡೆ ಅದನ್ನು ಇಡಲು ಬಕೆಟ್ಟೋ ಸ್ಟ್ಯಾಂಡೋ ಸಾಕು. ಒಂದೇ ನಿಯಮ: ಕಾಲು ತಗುಲಿದರೆ ಬಾರ್ ಬೀಳಲೇಬೇಕು. ಕಟ್ಟಬೇಡಿ, ಮೊಳೆ ಹೊಡೆಯಬೇಡಿ, ಸಂದಿಯಲ್ಲಿ ಸಿಕ್ಕಿಸಬೇಡಿ. ಬೀಳದ ಬಾರ್ ನಾಯಿಯ ಕಾಲು ಮುರಿಯುತ್ತದೆ.

ಶುರುವಿನಲ್ಲಿ ಬಾರ್ ನೆಲದ ಮೇಲೇ ಇರಲಿ. ಎರಡು ಸ್ಟ್ಯಾಂಡ್‌ಗಳ ನಡುವೆ ಹೋಗಬೇಕು ಎಂಬುದು ನಾಯಿಗೆ ಮೊದಲು ಗೊತ್ತಾಗಬೇಕು. ನಾಯಿಯನ್ನು ಒಂದು ಕಡೆ ಕೂರಿಸಿ, ನೀವು ಆ ಕಡೆ ಹೋಗಿ, ಕರೆಯಿರಿ. ದಾಟಿ ಬಂದ ಮೇಲೆ ಟ್ರೀಟ್ ಅನ್ನು ನೆಲಕ್ಕೆ, ಮುಂದಕ್ಕೆ ಎಸೆಯಿರಿ. ಕೈಯಲ್ಲಿ ಹಿಡಿದು ಎತ್ತರದಲ್ಲಿ ತೋರಿಸಿದರೆ ನಾಯಿ ಹಾರುವಾಗಲೇ ತಲೆ ಎತ್ತುತ್ತದೆ. ತಲೆ ಎತ್ತಿದರೆ ಬೆನ್ನು ಕುಸಿಯುತ್ತದೆ, ಹಿಂಗಾಲು ಬಾರಿಗೆ ತಗುಲುತ್ತದೆ. ಟ್ರೀಟ್ ಎಲ್ಲಿ ಸಿಗುತ್ತದೋ ನಾಯಿಯ ಕಣ್ಣು ಅಲ್ಲಿರುತ್ತದೆ, ಕಣ್ಣು ಇದ್ದ ಕಡೆಗೇ ಮೈ ಹೋಗುತ್ತದೆ.

ನೇರ ದಾಟುವುದು ಬಂದ ಮೇಲೆ ನೀವು ಪಕ್ಕದಲ್ಲಿ ಓಡುತ್ತಾ ದಾಟಿಸಿ. ಎರಡೂ ಕಡೆಯಿಂದ ಮಾಡಿ. ಆಮೇಲೆ ಎರಡು ಜಂಪ್, ಸುಮಾರು ಐದು ಮೀಟರ್ ಅಂತರದಲ್ಲಿ. ಆಮೇಲೆ ಮೂರನ್ನು ಕಮಾನಿನ ಹಾಗೆ ಇಟ್ಟು ಒಂದು ತಿರುವು. ಇಷ್ಟೂ ಆಗುವವರೆಗೆ ಬಾರ್ ನೆಲ ಬಿಡುವುದು ಬೇಡ. ಬೆಳೆದ ನಾಯಿಗೆ ಆಮೇಲೆ ಹತ್ತು ಸೆಂಟಿಮೀಟರ್ ಎತ್ತಿ, ಕೆಲವು ವಾರ ಬಿಟ್ಟು ಇನ್ನೈದು. ಸ್ಪರ್ಧೆಗಳಲ್ಲಿ ನಾಯಿಯ ಭುಜದ ಎತ್ತರ ಅಳೆದು ಗುಂಪು ಮಾಡಿ, ಗುಂಪಿಗೆ ತಕ್ಕ ಎತ್ತರ ಇಡುತ್ತಾರೆ. ಅದು ಬಹಳ ದೂರದ ಮಾತು.

ಟನಲ್ ಅನ್ನು ನಾಯಿಗಳು ಬೇಗ ಇಷ್ಟಪಡುತ್ತವೆ. ಸ್ಪರ್ಧೆಯ ಟನಲ್ 60 ಸೆಂಟಿಮೀಟರ್ ಅಗಲ ಇರುತ್ತದೆ. ಮಕ್ಕಳ ಆಟದ ಬಟ್ಟೆ ಟನಲ್ ಚಿಕ್ಕ ನಾಯಿಗೆ ಪಾಠಕ್ಕೆ ಸಾಕು, ದೊಡ್ಡ ನಾಯಿ ಅದರಲ್ಲಿ ಬೆನ್ನು ಬಗ್ಗಿಸಿ ತೆವಳಬೇಕಾಗುತ್ತದೆ. ಮೊದಲು ಒಂದು ಮೀಟರಿಗೆ ಮಡಿಚಿ ಹಿಡಿಯಿರಿ. ಆ ತುದಿ ನಾಯಿಗೆ ಕಾಣಬೇಕು. ಎರಡೂ ಬದಿಗೆ ಮರಳಿನ ಚೀಲ ಇಟ್ಟು ಅಲುಗದ ಹಾಗೆ ಮಾಡಿ. ಒಳಗೆ ಓಡುವಾಗ ಟನಲ್ ಉರುಳಿದರೆ ಮುಂದಿನ ಸಲ ನಾಯಿ ಟನಲ್ ಬಾಯಿಯ ಹತ್ತಿರವೇ ಬರುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಉದ್ದ ಮಾಡಿ, ಕೊನೆಗೆ ಬಗ್ಗಿಸಿ. ಒಳಗೆ ತಳ್ಳಬೇಡಿ. ಮತ್ತೆ, ಒಳಗೆ ಹೋದ ಮೇಲೆ ಅಲ್ಲೇ ನಿಲ್ಲಬೇಡಿ, ಓಡಿ.

ಸೀಸಾದ ಕಥೆ

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನಾಲ್ಕನೇ ತಿಂಗಳು. ಜಂಪ್, ಟನಲ್ ಎಲ್ಲ ಸಲೀಸಾಗಿತ್ತು. ಅಭ್ಯಾಸದ ಮೈದಾನದಲ್ಲಿ ಪೂರ್ತಿ ಅಳತೆಯ ಸೀಸಾ ಇತ್ತು. ಮೂರೂವರೆ ಮೀಟರಿಗಿಂತ ಉದ್ದ, 30 ಸೆಂಟಿಮೀಟರ್ ಅಗಲದ ಹಲಗೆ. ಮಕ್ಕಳು ಕೂತು ಆಡುವ ಏತದ ಹಾಗೇ. ನಾಯಿ ಒಂದು ತುದಿಯಿಂದ ಹತ್ತಿ, ನಡು ದಾಟಿದ ಮೇಲೆ ಆ ತುದಿ ಕೆಳಗೆ ಬೀಳುತ್ತದೆ, ನಾಯಿ ಇಳಿಯಬೇಕು. ಚುಕ್ಕಿ ಹಲಗೆ ಕಂಡದ್ದೇ ಹತ್ತಿದಳು. ನಾನು ಖುಷಿಯಿಂದ ಬಿಟ್ಟೆ. ನಡು ದಾಟಿದಳು. ಹಲಗೆ ಧಡಾರ್ ಎಂದು ನೆಲಕ್ಕೆ ಬಡಿಯಿತು, ಅವಳು ಮೇಲೆ ಚಿಮ್ಮಿ ಪಕ್ಕಕ್ಕೆ ಬಿದ್ದಳು. ಗಾಯ ಏನೂ ಆಗಲಿಲ್ಲ. ಆದರೆ ಅಲ್ಲಿಂದ ಎದ್ದವಳು ನೇರ ಗೇಟಿನ ಹತ್ತಿರ ಹೋಗಿ ಬಾಲ ಮಡಚಿ ಕೂತಳು. ಮುಂದಿನ ವಾರ ಡಾಗ್ ವಾಕ್ ಎಂಬ ಸೇತುವೆಯಂಥ ಹಲಗೆಯನ್ನೂ ಹತ್ತಲಿಲ್ಲ. ಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದರೂ ಮಂಚದ ಕೆಳಗೆ ಹೋಗುತ್ತಿದ್ದಳು.

ಅವಳನ್ನು ಮತ್ತೆ ಹತ್ತಿಸಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಮಾಡಿದ್ದನ್ನೇ ಮೊದಲು ಮಾಡಿದ್ದರೆ ಹೆದರಿಕೆಯೇ ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ.

ಸೀಸಾದಲ್ಲಿ ನಾಯಿಗೆ ಹೆದರಿಕೆ ಹುಟ್ಟಿಸುವುದು ಎರಡು: ಕಾಲ ಕೆಳಗಿನ ನೆಲ ಅಲುಗುವುದು ಮತ್ತು ಸದ್ದು. ಎರಡನ್ನೂ ಬೇರೆ ಬೇರೆ ಕಲಿಸಬೇಕು. ಅಲುಗುವುದಕ್ಕೆ ನಾನು ಅರ್ಧ ಮೀಟರ್ ಹಲಗೆಯ ಕೆಳಗೆ ಮಡಚಿದ ಟವೆಲ್ ಇಟ್ಟೆ. ಚುಕ್ಕಿ ಅದರ ಹತ್ತಿರ ಬಂದರೆ ಟ್ರೀಟ್, ಒಂದು ಕಾಲು ಇಟ್ಟರೆ ಟ್ರೀಟ್, ಎರಡು ಕಾಲು ಇಟ್ಟರೆ ಮೂರು ಟ್ರೀಟ್. ಎಳೆಯಲಿಲ್ಲ, ಆಸೆ ತೋರಿಸಿ ಮೇಲೆ ಹತ್ತಿಸಲೂ ಇಲ್ಲ. ಇಳಿದು ಹೋದರೆ ಹೋಗಲಿ ಎಂದು ಬಿಟ್ಟೆ. ಹತ್ತು ದಿನದಲ್ಲಿ ನಾಲ್ಕೂ ಕಾಲು ಇಟ್ಟು ಹಲಗೆ ಅಲುಗಿಸುತ್ತಾ ನನ್ನ ಮುಖ ನೋಡುತ್ತಿದ್ದಳು.

ಸದ್ದಿಗೆ ಬೇರೆ ಆಟ. ಸದ್ದನ್ನು ನಾನು ಮಾಡಬಾರದು, ಅವಳೇ ಮಾಡಬೇಕು, ಗುಟ್ಟು ಇಷ್ಟೇ. ಟವೆಲ್ ತೆಗೆದು ಚಿಕ್ಕ ಕಟ್ಟಿಗೆ ಇಟ್ಟೆ. ಅವಳು ಕಾಲಿಟ್ಟರೆ ಹಲಗೆ "ಟಕ್" ಅನ್ನುತ್ತಿತ್ತು. ಟಕ್ ಅಂದ ತಕ್ಷಣ "ಹ್ಞಾಂ!", ಟ್ರೀಟ್. ಒಂದು ವಾರಕ್ಕೆ ಅವಳೇ ಬೇಕೆಂದು ಟಕ್ ಟಕ್ ಅನ್ನಿಸತೊಡಗಿದಳು. ಸದ್ದು ಅವಳ ಕೈಯಲ್ಲಿರುವ ಗಂಟೆ ಆಗಿತ್ತು.

ಆಮೇಲೆ ನಿಜವಾದ ಸೀಸಾ. ಬೀಳುವ ತುದಿಯ ಕೆಳಗೆ ಮೇಜು ಇಟ್ಟು, ಮೇಜಿನ ಮೇಲೆ ದಪ್ಪ ಮೆತ್ತೆ ಹಾಕಿದೆವು. ಹಲಗೆ ಎರಡು ಮೂರು ಸೆಂಟಿಮೀಟರ್ ಮಾತ್ರ ಇಳಿಯುತ್ತಿತ್ತು. ಚುಕ್ಕಿ ಮೇಜಿನಿಂದ ಹಲಗೆಯ ತುದಿಗೆ ಕಾಲಿಟ್ಟು, ಇಳಿಸಿ, ಟ್ರೀಟ್ ತಿಂದು, ಮತ್ತೆ ಮೇಜಿಗೆ. ವಾರ ವಾರ ಮೇಜಿನ ಬದಲು ಸ್ವಲ್ಪ ಗಿಡ್ಡ ಪೆಟ್ಟಿಗೆ. ಕೊನೆಗೆ ಮೆತ್ತೆ ಮಾತ್ರ. ಕೊನೆಗೆ ನೆಲ. ಎಲ್ಲಾದರೂ ಅವಳು ತಡೆದರೆ ಒಂದು ಹಂತ ಹಿಂದೆ ಹೋಗುತ್ತಿದ್ದೆ. ಕಿವಿ ಹಿಂದಕ್ಕೆ ಹೋಯಿತಾ, ಮೈ ತಗ್ಗಿತಾ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಈಗ ಅವಳು ತುದಿಯವರೆಗೆ ಓಡಿ, ಮೈ ಭಾರ ಹಾಕಿ ಹಲಗೆಯನ್ನು ತಾನೇ ಬಡಿದು, ಅಲ್ಲೇ ನಿಂತು ನನಗಾಗಿ ಕಾಯುತ್ತಾಳೆ.

ಉಳಿದ ಸಾಮಾನು

ಎ-ಫ್ರೇಮ್ ಎಂದರೆ ಎರಡು ಇಳಿಜಾರು ಹಲಗೆ ಸೇರಿಸಿದ ಗುಡ್ಡ. ಸ್ಪರ್ಧೆಯಲ್ಲಿ ಅದು 1.7 ಮೀಟರ್ ಎತ್ತರ. ಡಾಗ್ ವಾಕ್ ಎಂದರೆ ಹತ್ತುವ ಹಲಗೆ, ನಡುವಿನ ಸೇತುವೆ, ಇಳಿಯುವ ಹಲಗೆ. ಇವೆರಡರಲ್ಲೂ ಸೀಸಾದಲ್ಲೂ ಹಲಗೆಯ ಕೆಳತುದಿಗೆ ಬೇರೆ ಬಣ್ಣ, ಸಾಮಾನ್ಯವಾಗಿ ಹಳದಿ, ಹಚ್ಚಿರುತ್ತಾರೆ. ನಾಯಿ ಇಳಿಯುವಾಗ ಆ ಜಾಗಕ್ಕೆ ಕಾಲಿಡಲೇಬೇಕು. ಮೇಲಿಂದಲೇ ನೆಗೆದರೆ ತಪ್ಪು. ಈ ನಿಯಮ ನಾಯಿಯ ಮೈಗೆ ಪೆಟ್ಟಾಗದಿರಲಿ ಎಂದೇ ಇರುವುದು. ಇವನ್ನು ಮನೆಯಲ್ಲಿ ಹಳೇ ಹಲಗೆ ಜೋಡಿಸಿ ಕಟ್ಟಬೇಡಿ. ಆದರೆ ಪಾಠ ಮನೆಯಲ್ಲೇ ಆಗುತ್ತದೆ: ಮೆಟ್ಟಿಲಿನ ಕೊನೆಯ ಹಂತದಲ್ಲಿ ಹಿಂಗಾಲು ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ನಿಲ್ಲುವುದನ್ನು ಕಲಿಸಿ. ಆ ನಿಲುವಿಗೆ ಒಂದು ಮಾತು ಇಡಿ. ಮುಂದೆ ಹಲಗೆಯ ತುದಿಯಲ್ಲಿ ಅದೇ ಮಾತು ಕೆಲಸ ಮಾಡುತ್ತದೆ.

ವೀವ್ ಪೋಲ್ ಕೊನೆಗೆ. ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 12 ಕೋಲು, 60 ಸೆಂಟಿಮೀಟರ್ ಅಂತರ. ನಾಯಿ ಮೊದಲ ಕೋಲನ್ನು ತನ್ನ ಎಡಭುಜದ ಕಡೆ ಬಿಟ್ಟು ಒಳಗೆ ಹೋಗಬೇಕು, ಒಂದನ್ನೂ ಬಿಡಬಾರದು. ಬೆನ್ನಿಗೆ ಬಹಳ ಕೆಲಸ ಕೊಡುವ ಸಾಮಾನು ಇದು, ಆದ್ದರಿಂದ ಪೂರ್ತಿ ಬೆಳೆದ ನಾಯಿಗೆ ಮಾತ್ರ. ಎರಡು ಕೋಲಿನಿಂದ ಶುರು ಮಾಡಿ, ಸರಿಯಾದ ಕಡೆಯಿಂದ ಒಳಹೋಗುವುದು ಗಟ್ಟಿಯಾದ ಮೇಲೆ ನಾಲ್ಕು, ಆಮೇಲೆ ಆರು. ಕೈಯಲ್ಲಿ ಟ್ರೀಟ್ ಹಿಡಿದು ಹಾವಿನ ಹಾಗೆ ಎಳೆದುಕೊಂಡು ಹೋಗಬೇಡಿ, ಆಗ ನಾಯಿ ಕೈ ನೋಡುತ್ತದೆ, ಕೋಲನ್ನಲ್ಲ. ಚುಕ್ಕಿಗೆ ಹನ್ನೆರಡು ಕೋಲು ಬರಲು ಏಳು ತಿಂಗಳು ಬೇಕಾಯಿತು.

ಎಷ್ಟು ಹೊತ್ತು, ಯಾವಾಗ

ಒಂದು ಪಾಠ ಐದರಿಂದ ಎಂಟು ನಿಮಿಷ. ದಿನಕ್ಕೆ ಎರಡು ಸಲ ಮಾಡಬಹುದು. ಜಂಪ್, ಹಲಗೆ ಇರುವ ಪಾಠ ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಬಿಡುವು ಇರಲಿ. ಶುರುವಿಗೆ ಮುಂಚೆ ಐದು ಹತ್ತು ನಿಮಿಷ ನಡೆಸಿ, ಸ್ವಲ್ಪ ಓಡಿಸಿ, ಎರಡೂ ಕಡೆ ಸುತ್ತಿಸಿ ಮೈ ಬಿಸಿ ಮಾಡಿ. ಮುಗಿದ ಮೇಲೂ ನಡೆಸಿ. ನೆಲ ಹುಲ್ಲಿನದ್ದೋ ಮಣ್ಣಿನದ್ದೋ ಇರಲಿ. ಟೈಲ್ಸ್, ಸಿಮೆಂಟ್ ಮೇಲೆ ಹಾರಿಸಬೇಡಿ.

ಬಿಸಿಲಿನಲ್ಲಂತೂ ಬೇಡವೇ ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ನಾಲಿಗೆ ಅಗಲವಾಗಿ ಜೋತು, ಉಸಿರು ಸದ್ದು ಮಾಡತೊಡಗಿದರೆ ಆಟ ನಿಲ್ಲಿಸಿ, ನೆರಳಿಗೆ ಕರೆದುಕೊಂಡು ಹೋಗಿ ನೀರು ಕೊಡಿ. ಓಲಾಡಿದರೆ, ವಾಂತಿ ಮಾಡಿದರೆ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ ತಕ್ಷಣ ವೆಟ್ ಹತ್ತಿರ ಓಡಿ. ಮೂತಿ ಚಪ್ಪಟೆ ಇರುವ ನಾಯಿಗಳಿಗೆ ಇನ್ನೂ ಬೇಗ ಬಿಸಿ ಏರುತ್ತದೆ.

ನಾಯಿ ಪಾಠದ ನಡುವೆ ನೆಲ ಮೂಸತೊಡಗಿದರೆ, ಆಕಳಿಸಿದರೆ, ತುಟಿ ನೆಕ್ಕಿದರೆ, ಇದ್ದಕ್ಕಿದ್ದಂತೆ ಮೈ ಕೆರೆದುಕೊಂಡರೆ ಅದು ಸೋಮಾರಿತನ ಅಲ್ಲ. ಅರ್ಥವಾಗುತ್ತಿಲ್ಲ, ಇಲ್ಲಾ ಸಾಕಾಗಿದೆ ಎಂದು ಹೇಳುತ್ತಿದೆ. ಅದಕ್ಕೆ ಖಂಡಿತ ಬರುವ ಒಂದು ಸುಲಭದ ಕೆಲಸ ಮಾಡಿಸಿ, ತಿನ್ನಿಸಿ, ಅಲ್ಲಿಗೆ ನಿಲ್ಲಿಸಿ. ತಪ್ಪಿಗೆ ಗದರಿಸುವುದು ಈ ಆಟದಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಎರಡು ಸಲ ಸತತ ತಪ್ಪಾದರೆ ನಾಯಿಗೆ ಕೊಟ್ಟ ಲೆಕ್ಕ ಕಷ್ಟವಾಯಿತು ಎಂದರ್ಥ, ಸುಲಭ ಮಾಡಿ. ಯಾವತ್ತೂ ಬೀಳಿಸದ ನಾಯಿ ಬಾರ್ ಬೀಳಿಸತೊಡಗಿದರೆ ಮೊದಲು ನೋವಿದೆಯಾ ಎಂದು ನೋಡಿಸಿ.

ಮೊದಲ ಸ್ಪರ್ಧೆಗೆ ಹೋಗುವ ಮುಂಚೆ

ಸ್ಪರ್ಧೆಗೆ ಹೋಗಲೇಬೇಕೆಂದಿಲ್ಲ. ಹೋಗುವುದಾದರೆ ಮೊದಲ ಸಲ ಸುಮ್ನೆ ನೋಡಲು ಹೋಗಿ. ನಾಯಿಯನ್ನೂ ಕರೆದೊಯ್ದು ದೂರದಲ್ಲಿ ಕೂರಿಸಿ, ಬೊಗಳುವಿಕೆ, ಮೈಕು, ಜನ ಎಲ್ಲ ಅಭ್ಯಾಸವಾಗಲಿ. ಎಫ್‌ಸಿಐ ನಿಯಮದಲ್ಲಿ ಬಾರ್ ಬಿದ್ದರೆ 5 ಅಂಕ ತಪ್ಪು, ಹಳದಿ ಜಾಗ ತಪ್ಪಿಸಿದರೆ 5, ಸಾಮಾನಿನ ಮುಂದೆ ನಿಂತುಬಿಟ್ಟರೆ ಅಥವಾ ಅದನ್ನು ಬಿಟ್ಟು ಪಕ್ಕದಿಂದ ಹೋದರೆ 5. ಹೀಗೆ ಮೂರು ಸಲ ನಿರಾಕರಿಸಿದರೆ ಅಥವಾ ಕ್ರಮ ತಪ್ಪಿ ಬೇರೆ ಸಾಮಾನು ಹತ್ತಿದರೆ ಹೊರಗೆ. ರಿಂಗ್ ಒಳಗೆ ಟ್ರೀಟ್, ಆಟಿಕೆ ಒಯ್ಯುವ ಹಾಗಿಲ್ಲ. ಅದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಿಸಿ: ಟ್ರೀಟ್ ಡಬ್ಬಿ ಮೈದಾನದ ಹೊರಗಿಟ್ಟು, ಮೂರು ಜಂಪ್ ಓಡಿ, ಇಬ್ಬರೂ ಒಟ್ಟಿಗೆ ಡಬ್ಬಿಯ ಹತ್ತಿರ ಓಡಿ ಹೋಗಿ ತಿನ್ನಿಸಿ.

ಓಟಕ್ಕೆ ಮುಂಚೆ ನಾಯಿ ಇಲ್ಲದೆ ಕೋರ್ಸ್ ನಡೆದು ನೋಡಲು ಕೆಲವು ನಿಮಿಷ ಕೊಡುತ್ತಾರೆ. ಆ ಹೊತ್ತನ್ನು ನಂಬರ್ ಬಾಯಿಪಾಠ ಮಾಡುವುದರಲ್ಲೇ ಕಳೆಯಬೇಡಿ. ಒಂದು ಸುತ್ತು ನಂಬರ್ ನೋಡಿ. ಎರಡನೇ ಸುತ್ತಿನಲ್ಲಿ ತಿರುವುಗಳಲ್ಲಿ ಬಗ್ಗಿ, ನಾಯಿಯ ಕಣ್ಣಿನ ಎತ್ತರದಿಂದ ಮುಂದೆ ಏನು ಕಾಣುತ್ತದೆ ನೋಡಿ. ನಿಮಗೆ ಐದನೇ ಜಂಪ್ ಕಾಣುವ ಜಾಗದಲ್ಲಿ ನಾಯಿಗೆ ಟನಲ್ ಬಾಯಿ ನೆಟ್ಟಗೆ ಕಾಣುತ್ತಿರಬಹುದು. ಮೂರನೇ ಸುತ್ತಿನಲ್ಲಿ ಕೈಕಾಲು ಆಡಿಸುತ್ತಾ, ಎಲ್ಲಿ ಕ್ರಾಸ್ ಮಾಡಬೇಕೋ ಅಲ್ಲಿ ತಿರುಗುತ್ತಾ ಓಡಿ. ನನ್ನ ಮಗಳು ಈಗಲೂ ಬೇಲಿಯ ಆಚೆ ನಿಂತು ಅದನ್ನು ನೋಡುತ್ತಾಳೆ. ಏಳನೇ ಜಂಪ್ ಹತ್ತಿರ ನಾನು ತಿರುಗುವಾಗ "ಹೊಟ್ಟೆ!" ಎಂದು ಕೂಗುತ್ತಾಳೆ. ನಾನು ಹೊಟ್ಟೆ ಸರಿಮಾಡಿಕೊಂಡು, ಚುಕ್ಕಿಯನ್ನು ಕರೆತರಲು ಹೋಗುತ್ತೇನೆ.